ಸಂಪಾದಕರ ಉತ್ತರ: ನಿಮ್ಮ ಜಿಂಕೆಯ ಚಕ್ರ ಎಲ್ಲಿ ಹೋಯಿತು?

ಮಡಿಕೇರಿಯ ಓದುಗರೊಬ್ಬರು ಕೇಳಿದ್ದಾರೆ: ‘ಸೇನೆಯಲ್ಲಿದ್ದ ನಮ್ಮಜ್ಜ ಕಾಲಿಂಪಾಂಗ್‌ನಿಂದ ತಂದ ಗೇಣುದ್ದದ ಕಂಚಿನ ಜಿಂಕೆ ಮನೆಯಲ್ಲಿದೆ. ಕಾಲು ಮಡಚಿ ಕೂತು ತಲೆ ಎತ್ತಿದೆ. ಬೌದ್ಧರದ್ದು ಅಂತಾರೆ. ಬುದ್ಧನಿಗೂ ಜಿಂಕೆಗೂ ಏನು ಸಂಬಂಧ? ತುಂಬ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕಬಹುದಾ?’

ದಯವಿಟ್ಟು ತಿಕ್ಕಬೇಡಿ! ಟಿಬೆಟ್, ನೇಪಾಳದ ಕಡೆ ಇಂಥ ಮೂರ್ತಿಗಳಿಗೆ ಪಾದರಸದಲ್ಲಿ ಕಲಸಿದ ಚಿನ್ನ ಬಳಿದು, ಕಾಯಿಸಿ ಮೆರುಗು ಕೊಡುತ್ತಿದ್ದರು. ಕಿವಿಯ ಸಂದಿಯಲ್ಲೋ ಗೊರಸಿನ ಹತ್ತಿರವೋ ಅದರ ಚೂರು ಉಳಿದಿರಬಹುದು. ಮೆತ್ತನೆಯ ಒಣಬಟ್ಟೆ ಸಾಕು.

ಇನ್ನು ಸಂಬಂಧದ ವಿಷಯ. ಬುದ್ಧ ಮೊದಲ ಉಪದೇಶ ಮಾಡಿದ್ದು ಕಾಶಿ ಹತ್ತಿರದ ಸಾರನಾಥದಲ್ಲಿ. ಕೇಳಿದವರು ಐದೇ ಜನ. ಹಿಂದೆ ಅವನ ಜೊತೆ ತಪಸ್ಸು ಮಾಡಿ, ಅವನು ಉಪವಾಸ ಬಿಟ್ಟನೆಂದು ಮುನಿಸಿಕೊಂಡು ಹೋಗಿದ್ದವರು. ಆ ಜಾಗ ಜಿಂಕೆಗಳ ವನ. ಜಾತಕ ಕಥೆಯೊಂದರಲ್ಲಿ ಕಾಶಿ ರಾಜನ ಊಟಕ್ಕೆ ದಿನಕ್ಕೊಂದು ಜಿಂಕೆ ಹೋಗಬೇಕು. ಒಂದು ದಿನ ಗಬ್ಬದ ಜಿಂಕೆಯ ಸರದಿ ಬರುತ್ತದೆ. ಅದರ ಬದಲು ಹಿಂಡಿನ ದೊರೆಯೇ ಹೋಗಿ ಕೊರಳೊಡ್ಡಿ ಮಲಗುತ್ತದೆ. ರಾಜನ ಮನಸ್ಸು ಕರಗಿ ಎಲ್ಲ ಜಿಂಕೆಗಳಿಗೂ ಅಭಯ ಸಿಗುತ್ತದೆ. ಆ ದೊರೆ ಬೇರೆ ಯಾರೂ ಅಲ್ಲ, ಹಿಂದಿನ ಜನ್ಮದ ಬುದ್ಧನೇ.

ಉಪದೇಶಕ್ಕೆ ಗುರುತು ಚಕ್ರ. ಆ ಚಕ್ರದ ಎರಡೂ ಕಡೆ ಜಿಂಕೆಗಳು. 5ನೇ ಶತಮಾನದ ಪ್ರಸಿದ್ಧ ಸಾರನಾಥ ಬುದ್ಧನ ಪೀಠದಲ್ಲಿ ಇವಿವೆ, ನಾಲಂದಾ ವಿಹಾರದ ಮುದ್ರೆಯಲ್ಲೂ ಇವೆ. ಟಿಬೆಟಿನ ಲಾಸಾದ ಜೋಖಾಂಗ್ ದೇವಾಲಯದ ಮಾಡಿನ ಮೇಲೂ ಹೊಳೆಯುತ್ತವೆ. ಅಷ್ಟು ದೂರ ಯಾಕೆ, ಬೈಲುಕುಪ್ಪೆಗೆ ಹೋದಾಗ ಅಲ್ಲಿನ ಮಠಗಳ ಮಾಡು ನೋಡಿ. ಸಾಮಾನ್ಯವಾಗಿ ಒಂದು ಗಂಡು, ಒಂದು ಹೆಣ್ಣು. ಎರಡೂ ಕಾಲು ಮಡಚಿ, ತಲೆ ಎತ್ತಿ ಚಕ್ರದ ಕಡೆ ನೋಡುತ್ತಿರುತ್ತವೆ. ಉಪದೇಶ ಕೇಳುವ ಭಂಗಿ ಅದು.

ಹಾಗಾಗಿ ನಿಮ್ಮದು ಜೋಡಿ ತಪ್ಪಿದ ಜಿಂಕೆ ಅಂತ ನನ್ನ ಅಂದಾಜು. ತಿರುಗಿಸಿ ನೋಡಿ, ಕೆಳಗೆ ಮೊಳೆಯೋ ತೂತೋ ಇದ್ದರೆ ಯಾವುದೋ ಪೀಠಕ್ಕೆ ಕೂರಿಸಿದ್ದರು ಎಂದೇ ಲೆಕ್ಕ. ನೆತ್ತಿಯಲ್ಲಿ ಒಂದೇ ಕೊಂಬಿದ್ದರೆ ಮುರಿದಿದೆ ಅಂದುಕೊಳ್ಳಬೇಡಿ. ಟಿಬೆಟಿನವರು ಒಂಟಿಕೊಂಬಿನ ಜಿಂಕೆಯನ್ನೂ ಮಾಡುತ್ತಿದ್ದರು.

ಜಿಂಕೆ ಅಂದ ಮಾತ್ರಕ್ಕೆ ಬೌದ್ಧ ಅಲ್ಲ ಅನ್ನುವುದೂ ನಿಜ. ಶಾಂತಿನಾಥ ತೀರ್ಥಂಕರರ ಲಾಂಛನ ಜಿಂಕೆ. ಶಿವನ ಕೈಯಲ್ಲೂ ಜಿಂಕೆ ಉಂಟು, ಆದರೆ ಅದು ಹಿಂಗಾಲ ಮೇಲೆ ನೆಗೆಯುವಂತೆ ಇರುತ್ತದೆ. ನಿಮ್ಮದು ಕೂತ ರೀತಿ ಬೌದ್ಧರ ಕಡೆಗೇ ವಾಲುತ್ತದೆ. ಜೊತೆಗೆ ಕಾಲಿಂಪಾಂಗ್ ಬೇರೆ. ಲಾಸಾದಿಂದ ಹೇಸರಗತ್ತೆಗಳ ಮೇಲೆ ಉಣ್ಣೆ ಬಂದಿಳಿಯುತ್ತಿದ್ದ ಊರದು.

ಒಂದು ಕಾನೂನಿನ ಮಾತು. ನೂರು ವರ್ಷ ದಾಟಿದ್ದರೆ 1972ರ ಕಾಯ್ದೆ ಪ್ರಕಾರ ಇದು ಪ್ರಾಚ್ಯವಸ್ತು. ಆಗ ಕೇಂದ್ರ ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯ ಬಳಿ ದಾಖಲಿಸಬೇಕು. ಅಮೆರಿಕದ ನೆಂಟರಿಗೆ ಉಡುಗೊರೆಯಾಗಿಯೂ ಕಳಿಸುವಂತಿಲ್ಲ.