ಯುಗಾದಿಗೆ ಇಪ್ಪತ್ತು ಜನರಿಗೆ ಹೋಳಿಗೆ ಊಟ: ಹಿಂದಿನ ದಿನವೇ ಏನೇನು ಮಾಡಿಟ್ಟುಕೊಳ್ಳಬಹುದು?

ಮೂರು ಬರ್ನರಿನ ಒಲೆ, ನೆರವಿಗೆ ಒಬ್ಬರು, ಮಧ್ಯಾಹ್ನ ಒಂದಕ್ಕೆ ಎಲೆ ಹಾಕಬೇಕು ಅಂದಿದ್ದೀರಿ. ಆಗುತ್ತೆ. ಆದರೆ ಸಾಮಾನಿನ ಪಟ್ಟಿ ಬರೆಯುವ ಮೊದಲು ಒಲೆಯ ಲೆಕ್ಕ ಹಾಕಿ. ಒಂದು ಹೋಳಿಗೆ ಹೆಂಚಿನ ಮೇಲೆ ಎರಡೂವರೆಯಿಂದ ಮೂರು ನಿಮಿಷ ಕೂರುತ್ತೆ. ಇಪ್ಪತ್ತು ಜನರಿಗೆ ಐವತ್ತು ಹೋಳಿಗೆ ಬೇಕು. ಒಂದೇ ಹೆಂಚಾದರೆ ಎರಡು ಗಂಟೆ ದಾಟಿತು. ಹಬ್ಬದ ಅಡುಗೆ ತಡವಾಗುವುದು ಇಲ್ಲೇ. ಆದ್ದರಿಂದ ಹಬ್ಬದ ಬೆಳಿಗ್ಗೆ ಎರಡು ಬರ್ನರ್ ಎರಡು ಹೆಂಚಿಗೆ, ಮೂರನೆಯದು ಅನ್ನ, ಪಲ್ಯಕ್ಕೆ. ಉಳಿದದ್ದೆಲ್ಲ ಹಿಂದಿನ ದಿನಕ್ಕೆ ಹೋಗಬೇಕು.

ಹಳೇ ಮೈಸೂರು ಕಡೆಯ ಊಟ ಅಂತ ಇಟ್ಟುಕೊಂಡು ಹೇಳುತ್ತೇನೆ: ತೊಗರಿಬೇಳೆ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹುರುಳಿಕಾಯಿ ಪಲ್ಯ, ಕೋಸಂಬರಿ, ಹಪ್ಪಳ, ಮಜ್ಜಿಗೆ. ಉತ್ತರ ಕರ್ನಾಟಕದವರಾದರೆ ಕಡಲೆಬೇಳೆ ಹಾಕುತ್ತೀರಿ. ಅದನ್ನು ಒಂದು ಗಂಟೆ ನೆನೆಸಿ, ಇನ್ನಷ್ಟು ಹೊತ್ತು ಬೇಯಿಸಬೇಕು. ಮಿಕ್ಕ ಕ್ರಮ ಹೆಚ್ಚುಕಡಿಮೆ ಒಂದೇ.

ಐವತ್ತು ಒಬ್ಬಟ್ಟಿಗೆ ಒಂದು ಕೆಜಿ ಬೇಳೆ, 800 ಗ್ರಾಂ ಬೆಲ್ಲ. ಬೇಳೆಯನ್ನು ಕುಕ್ಕರಿಗೆ ಹಾಕಬೇಡಿ. ಒಂದು ಸೀಟಿ ಹೆಚ್ಚಾದರೂ ಬೇಳೆ ಕರಗಿ ಕಟ್ಟಿನ (ಬೇಳೆ ಬೆಂದ ನೀರಿನ) ಜೊತೆ ಹೋಗುತ್ತೆ, ಹೂರಣ ನೀರಾಗುತ್ತೆ. ದೊಡ್ಡ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರು ಕುದಿಸಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ತೆರೆದೇ ಬೇಯಿಸಿ. ಕಾಳು ಆಕಾರ ಬಿಟ್ಟಿರಬಾರದು, ಬೆರಳಲ್ಲಿ ಹಿಸುಕಿದರೆ ಮಾತ್ರ ನುಣ್ಣಗಾಗಬೇಕು. ನಡುವೆ ಗಟ್ಟಿ ಸಿಕ್ಕರೆ ಇನ್ನೂ ಐದು ನಿಮಿಷ. ಬೆಲ್ಲ ಬಿದ್ದ ಮೇಲೆ ಬೇಳೆ ಬೇಯುವುದಿಲ್ಲ. ಬಸಿದ ಕಟ್ಟನ್ನು ತೆಗೆದಿಡಿ, ಬೇಳೆಯನ್ನು ಅರ್ಧ ಗಂಟೆ ಜರಡಿಯಲ್ಲೇ ಬಿಡಿ.

ಬೆಲ್ಲದಲ್ಲಿ ಮಣ್ಣು ಇರುತ್ತೆ. ಅರ್ಧ ಲೋಟ ನೀರಲ್ಲಿ ಕರಗಿಸಿ ಸೋಸಿ, ಆಮೇಲೆ ಬೇಳೆ ಸೇರಿಸಿ ಅಗಲ ಬಾಣಲೆಯಲ್ಲಿ ಮಗುಚಿ. ಸೌಟು ನಿಲ್ಲಿಸಿದರೆ ನಿಲ್ಲಬೇಕು. ಒದ್ದೆ ಅಂಗೈಯಲ್ಲಿ ಉಂಡೆ ಮಾಡಿದರೆ ಅಂಟಬಾರದು. ಆರಿದ ಮೇಲೆ ಇನ್ನೂ ಬಿಗಿಯುತ್ತೆ, ಹಾಗಾಗಿ ಒಂದು ಹದ ಮುಂಚೆಯೇ ಇಳಿಸಿ. ಏಲಕ್ಕಿ ಹಾಕಿ, ಬೆಚ್ಚಗಿರುವಾಗಲೇ ನೀರು ಹಾಕದೆ ಅರೆದು ನಿಂಬೆಗಾತ್ರದ ಉಂಡೆ ಕಟ್ಟಿಬಿಡಿ, ಒಂದೊಂದು 50 ಗ್ರಾಂ ತೂಗಬಹುದು. ಉಂಡೆಗಳನ್ನು ಮುಚ್ಚಿದ ಡಬ್ಬದಲ್ಲಿ ಫ್ರಿಜ್ಜಿಗಿಡಿ. ತೆಂಗಿನಕಾಯಿ ಸೇರಿಸುವ ಪದ್ಧತಿ ಇದ್ದರೆ ಇದು ಕಡ್ಡಾಯ, ಚೈತ್ರದ ಸೆಕೆಗೆ ಹೊರಗಿಟ್ಟ ಕಾಯಿ ಹೂರಣ ಬೆಳಗಾಗುವಷ್ಟರಲ್ಲಿ ಹುಳಿಯಬಹುದು. ಬೆಳಿಗ್ಗೆ ತಟ್ಟಲು ಕೂರುವ ಒಂದೂವರೆ ಗಂಟೆ ಮುಂಚೆ ಹೊರಗೆ ತೆಗೆಯಿರಿ. ತಣ್ಣಗಿದ್ದರೆ ಕಲ್ಲಾಗಿರುತ್ತೆ, ಕನಕ (ಹೊರಗಿನ ಹಿಟ್ಟಿನ ಹೊದಿಕೆ) ಹರಿಯುತ್ತೆ.

ಹೂರಣ ಸಡಿಲವಾಗಿಯೇ ಉಳಿದರೆ ಮತ್ತೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಗಿಸಿ. ಅದಕ್ಕೂ ಬಗ್ಗದಿದ್ದರೆ ಎರಡು ಚಮಚ ಹುರಿಗಡಲೆ ಪುಡಿ. ಮೈದಾ ಸೇರಿಸುವವರಿದ್ದಾರೆ, ಬೇಡ, ಹಸಿಹಿಟ್ಟಿನ ರುಚಿ ಬರುತ್ತೆ.

ಕನಕವನ್ನು ಮಾತ್ರ ಹಬ್ಬದ ಬೆಳಿಗ್ಗೆಯೇ ಕಲಸಿ. ಅರ್ಧ ಕೆಜಿ ಚಿರೋಟಿ ರವೆ, ಕಾಲು ಕೆಜಿ ಮೈದಾ, ಅರಿಶಿನ, ಚೂರು ಉಪ್ಪು, ಸುಮಾರು ಅರ್ಧ ಲೀಟರ್ ನೀರು. ಒಮ್ಮೆಲೇ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ಸಡಿಲ, ಎಳೆದರೆ ಹರಿಯದೆ ಬರಬೇಕು. ಹತ್ತು ನಿಮಿಷ ನಾದಿ, ಮೇಲೆ ಧಾರಾಳವಾಗಿ ಎಣ್ಣೆ ಸುರಿದು ಎರಡು ಮೂರು ಗಂಟೆ ಬಿಡಿ. ಆರಕ್ಕೆ ಕಲಸಿದರೆ ಒಂಬತ್ತಕ್ಕೆ ಕೈ ಹಾಕಬಹುದು.

ಹೂರಣ, ಕನಕ ಎರಡೂ ಒಂದೇ ಹದದಲ್ಲಿರಬೇಕು ಅನ್ನುವುದು ಸುಮ್ಮನೆ ಅಲ್ಲ. ಹೂರಣ ಗಟ್ಟಿ, ಕನಕ ಮೆತ್ತಗೆ ಆದರೆ ತಟ್ಟುವಾಗ ಕನಕ ಓಡಿಹೋಗುತ್ತೆ, ಹೂರಣ ನಡುವೆಯೇ ಕೂತು ಅಂಚೆಲ್ಲ ಬರೀ ಹಿಟ್ಟು. ತಿರುಗಾಮುರುಗಾ ಆದರೆ ಹೂರಣ ಒಡೆದು ಹೆಂಚಿಗೆ ಅಂಟಿ ಸೀಯುತ್ತೆ, ಆ ಹೆಂಚು ಒರೆಸದೆ ಮುಂದಿನದು ಬೇಯಲ್ಲ. ಮೊದಲ ಒಂದು ಒಬ್ಬಟ್ಟನ್ನು ಪರೀಕ್ಷೆಗೆ ಅಂತಲೇ ತಟ್ಟಿ. ಹೂರಣ ಗಟ್ಟಿ ಅನಿಸಿದರೆ ಉಂಡೆಗಳಿಗೆ ಬಿಸಿಹಾಲು ಚಿಮುಕಿಸಿ ನಾದಿ.

ಇಷ್ಟೂ ಬೆಳಿಗ್ಗೆಯೇ ಬೇಕಿಲ್ಲ. ಕಾಯಿ ಹಾಕದ ಒಬ್ಬಟ್ಟು ಒಂದು ದಿನ ಧಾರಾಳವಾಗಿ ಕೆಡದೆ ಇರುತ್ತೆ, ಹಾಗಾಗಿ ಮೂವತ್ತನ್ನು ಹಿಂದಿನ ಸಂಜೆಯೇ ಮಾಡಿಡಿ (ಅದಕ್ಕೆ ಬೇಕಾದ ಕನಕ ಅಂದು ಮಧ್ಯಾಹ್ನವೇ ಕಲಸಿ). ಬಿಸಿಬಿಸಿ ಒಂದರ ಮೇಲೊಂದು ಪೇರಿಸಿದರೆ ಬೆವರಿ ಅಂಟಿಕೊಳ್ಳುತ್ತವೆ. ಒಗೆದ ಪಂಚೆ ಹಾಸಿ ಬಿಡಿಬಿಡಿಯಾಗಿ ಆರಿಸಿ, ಆಮೇಲೆ ಡಬ್ಬಕ್ಕೆ. ಬಡಿಸುವ ಮೊದಲು ಹೆಂಚಿನ ಮೇಲೆ ಅರ್ಧ ನಿಮಿಷ, ಮೇಲೆ ತುಪ್ಪ. ಮಡಿ ಪಾಲಿಸುವ ಮನೆಯಾದರೆ ನೈವೇದ್ಯಕ್ಕೆ ಬೇಕಾದಷ್ಟನ್ನು ಎಣ್ಣೆಸ್ನಾನ ಆದ ಮೇಲೆ ಹೊಸದಾಗಿ ತಟ್ಟಿ. ಹಿಂದಿನ ದಿನ ಅಮಾವಾಸ್ಯೆ ಅಂತ ಕೆಲವರು ಒಪ್ಪುವುದಿಲ್ಲ, ಅತ್ತೆಯವರನ್ನೋ ಅಮ್ಮನನ್ನೋ ಮೊದಲೇ ಕೇಳಿಕೊಳ್ಳಿ.

ಸಾರಂತೂ ಹಿಂದಿನ ರಾತ್ರಿಯದೇ ಚೆನ್ನ. ಕಟ್ಟು ಬಹಳ ಬೇಗ ಹಳಸುತ್ತೆ, ಮೇಲೆ ನೊರೆ ಕಂಡರೆ, ಸೌಟಿಗೆ ಲೋಳೆ ಎಳೆ ಬಂದರೆ ಚೆಲ್ಲಿ. ಆದ್ದರಿಂದ ಬಸಿದ ಕೂಡಲೇ ಸಾರಾಗಿಸಿ: ದೊಡ್ಡ ನಿಂಬೆಗಾತ್ರದ ಹುಣಸೆ, ಒಂದು ಹಿಡಿ ಹೂರಣ, ಅರ್ಧ ಹೋಳು ಕಾಯಿ, ಮನೆಯ ಸಾರಿನ ಪುಡಿ, ಒಟ್ಟು ನಾಲ್ಕು ಲೀಟರ್. ಚೆನ್ನಾಗಿ ಕುದಿಸಿ ಎರಡು ಮೂರು ಸಣ್ಣ ಪಾತ್ರೆಗೆ ಹಂಚಿ, ಆರಿಸಿ ಫ್ರಿಜ್ಜಿಗಿಡಿ. ಒಂದೇ ದೊಡ್ಡ ಪಾತ್ರೆಯಾದರೆ ನಡುವಿನ ಬಿಸಿ ಗಂಟೆಗಟ್ಟಲೆ ಆರುವುದಿಲ್ಲ. ಬೆಳಿಗ್ಗೆ ಮತ್ತೆ ಕುದಿಸಿ. ಇಂಗು, ಕರಿಬೇವಿನ ಒಗ್ಗರಣೆ ಆಗಲೇ ಕೊಡಿ.

ಮಿಕ್ಕದ್ದು ಸಣ್ಣದು. ಹುರುಳಿಕಾಯಿ ಒಂದೂವರೆ ಕೆಜಿ, ಹೆಚ್ಚಿ ಬಟ್ಟೆಯಲ್ಲಿ ಸುತ್ತಿಡಿ. ಚಿತ್ರಾನ್ನದ ಒಗ್ಗರಣೆ, ತುರಿದ ಮಾವಿನಕಾಯಿ ಒಟ್ಟಿಗೆ ಬಾಡಿಸಿಡಬಹುದು. ಆದರೆ ಸಾಸಿವೆ ಜೊತೆ ಅರೆದ ತೆಂಗಿನಕಾಯಿಯನ್ನು ಬೆಳಿಗ್ಗೆಯೇ ಸೇರಿಸಿ, ರಾತ್ರಿಯಿಡೀ ಇಟ್ಟರೆ ಕಹಿಯಾಗುತ್ತೆ. ಕೋಸಂಬರಿಗೆ 300 ಗ್ರಾಂ ಹೆಸರುಬೇಳೆ, ಹನ್ನೊಂದಕ್ಕೆ ನೆನೆಹಾಕಿದರೆ ಸಾಕು. ಉಪ್ಪು, ನಿಂಬೆರಸ ಎಲೆ ಹಾಕುವಾಗ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ಎಲೆಯೆಲ್ಲ ಹರಿಯುತ್ತೆ. ಎರಡು ಲೀಟರ್ ಹಾಲಿಗೆ ಮಲಗುವ ಮುಂಚೆ ಹೆಪ್ಪು ಹಾಕಿ. ಸಂಜೆ ಆರಕ್ಕೇ ಹಾಕಿದರೆ ಈ ಸೆಕೆಗೆ ಊಟದ ಹೊತ್ತಿಗೆ ಮೊಸರು ಹುಳಿ. ಬಾಳೆಎಲೆ ಇಪ್ಪತ್ತೈದು ತನ್ನಿ, ಒಂದೆರಡು ಹರಿದಿರುತ್ತವೆ. ಬೇವಿನ ಹೂವು ಹಿಂದಿನ ಸಂಜೆಯೇ ಕಿತ್ತು ಒದ್ದೆ ಬಟ್ಟೆಯಲ್ಲಿಡಿ. ಸಿಲಿಂಡರ್ ಎಷ್ಟು ಉಳಿದಿದೆ ಅನ್ನುವುದನ್ನೂ ಅಂದೇ ನೋಡಿ.

ಅಕ್ಕಿ ಒಟ್ಟು 1.75 ಕೆಜಿ. ಅದರಲ್ಲಿ ಅರ್ಧ ಕೆಜಿ ಚಿತ್ರಾನ್ನಕ್ಕೆ, ಹತ್ತಕ್ಕೇ ಉದುರಾಗಿ ಮಾಡಿ ಹರಡಿ ಆರಿಸಿ. ಉಳಿದದ್ದನ್ನು ಐದು ಲೀಟರ್ ಕುಕ್ಕರಿಗೆ ಒಟ್ಟಿಗೆ ತುರುಕಬೇಡಿ, ಉಕ್ಕಿ ಸೀಟಿಯ ಬಾಯಿ ಕಟ್ಟಿಕೊಳ್ಳುತ್ತೆ. ಅದರಲ್ಲಿ ಅರ್ಧವನ್ನು ಹನ್ನೆರಡೂವರೆಗೆ ಇಡಿ. ಇನ್ನರ್ಧ ತೊಳೆದಿಟ್ಟುಕೊಂಡು, ಎಲೆಗೆ ಉಪ್ಪು, ಕೋಸಂಬರಿ ಬೀಳುವಾಗ ಒಲೆ ಹಚ್ಚಿದರೆ, ಮಜ್ಜಿಗೆ ಅನ್ನಕ್ಕೆ ಸರಿಯಾಗಿ ಬರುತ್ತೆ.