ಕಾಡುಹೂವಿನ ಹತ್ತಿರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯ ಮೇಲಿನ ಪದವಿನಲ್ಲಿ (ಮುರಕಲ್ಲಿನ ಎತ್ತರದ ಬಯಲಿನಲ್ಲಿ) ಅರಳಿದ ನೇರಳೆ ಹೂವಿನ ಚಿತ್ರ ಕಳಿಸಿದ್ದೇನೆ. ಇದು ನೆಕ್ಕರಿಕವೇ? ಮೊಬೈಲಿನ ಆ್ಯಪ್ ಒಂದು ಸಲ ಹೌದೆಂದಿತು, ಇನ್ನೊಂದು ಸಲ ಬೇರೆ ಹೆಸರು ಕೊಟ್ಟಿತು.
– ಓದುಗರು, ಪೆರ್ಲ

ಉತ್ತರ: ಚಿತ್ರ ಚೆಂದವಿದೆ, ಆದರೆ ಹೆಸರು ಹೇಳಲು ಸಾಲದು. ಎಸಳುಗಳೇ ಚೌಕಟ್ಟು ತುಂಬಿವೆ, ಕೇಸರ ಮಸುಕಾಗಿದೆ, ಎಲೆ ಕಾಣುವುದೇ ಇಲ್ಲ. ಆ್ಯಪ್ ಗೊಂದಲಕ್ಕೆ ಬಿದ್ದದ್ದೂ ಇದರಿಂದಲೇ. ನೆಕ್ಕರಿಕಕ್ಕೂ ಅದರದೇ ಕುಟುಂಬದ ಓಸ್ಬೆಕಿಯಾಕ್ಕೂ ನೇರಳೆ ಎಸಳು. ಎರಡರ ಎಲೆಯಲ್ಲೂ ನರಗಳು ಬುಡದಿಂದ ತುದಿಯವರೆಗೆ ಉದ್ದಕ್ಕೆ ಹರಿಯುತ್ತವೆ. ವ್ಯತ್ಯಾಸ ತೋರುವುದು ಕೇಸರಗಳಲ್ಲಿ. ನೆಕ್ಕರಿಕದಲ್ಲಿ ಎರಡು ಬಗೆ: ಉದ್ದನೆಯ, ಬಾಗಿದ, ನೇರಳೆ ಬಣ್ಣದವು 5, ಗಿಡ್ಡ ಹಳದಿಯವು 5. ಓಸ್ಬೆಕಿಯಾದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ, ಒಂದೇ ಬಣ್ಣ.

ಗಿಡದಲ್ಲಿ ಕಾಯಿ ಇದ್ದರೆ ಇನ್ನೂ ಸುಲಭ. ನೆಕ್ಕರಿಕದ ಕಾಯಿ ಹಣ್ಣಾದಾಗ ಅಡ್ಡಾದಿಡ್ಡಿ ಬಿರಿದು ಕಪ್ಪು ನೇರಳೆ ತಿರುಳು ಕಾಣುತ್ತದೆ. ತಿಂದ ಮಕ್ಕಳ ನಾಲಿಗೆ ಕಪ್ಪಾಗುತ್ತದೆ. ಇದರ ಶಾಸ್ತ್ರೀಯ ಹೆಸರಿನ ‘ಮೆಲಸ್ಟೋಮ’ ಎಂಬ ಗ್ರೀಕ್ ಪದದ ಅರ್ಥವೂ ‘ಕಪ್ಪು ಬಾಯಿ’ ಎಂದೇ. ಓಸ್ಬೆಕಿಯಾದ ಕಾಯಿ ಒಣಗಿ ಒಡೆಯುವಂಥದ್ದು. ಗುರುತು ಹಿಡಿಯಲೆಂದು ಬಾಯಿಗೆ ಹಾಕಿ ನೋಡಬೇಡಿ, ಬಿರಿದ ಕಾಯಿಯ ಚಿತ್ರ ಸಾಕು.

ಮುಂದಿನ ಸಲ ಮೊದಲು ಇಡೀ ಗಿಡ, ಆಮೇಲೆ ಎಲೆ ಕಾಂಡಕ್ಕೆ ಸೇರುವ ಗಂಟು, ಎಲೆಯ ಅಡಿಭಾಗ, ಕೊನೆಗೆ ಹೂವನ್ನು ಎದುರಿನಿಂದ, ಬದಿಯಿಂದ, ಹಿಂದಿನಿಂದ ತೆಗೆಯಿರಿ. ಹಿಂಬದಿಯ ಚಿತ್ರವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಎಸಳುಗಳ ಅಡಿಯಲ್ಲಿರುವ ಪುಷ್ಪಪತ್ರ, ಅದರ ರೋಮ, ತೊಟ್ಟು ಎಲ್ಲ ಇರುವುದು ಅಲ್ಲೇ. ಒಂದು ಚಿತ್ರದಲ್ಲಿ ಸ್ಕೇಲು ಪಕ್ಕಕ್ಕಿಡಿ. ಹೂ ಕೀಳುವುದು ಬೇಡ. ಪದವಿನಲ್ಲಿ ಮುರಕಲ್ಲಿನ ಮೇಲೆ ಮಣ್ಣು ತೆಳ್ಳಗಿರುತ್ತದೆ, ಅದು ಒಮ್ಮೆ ಕಿತ್ತುಹೋದರೆ ಚಿಕ್ಕ ಗಿಡಗಳಿಗೆ ಬೇರೂರಲು ಜಾಗವಿಲ್ಲ. ಆದ್ದರಿಂದ ಬರಿಯ ಕಲ್ಲಿನ ಮೇಲೆಯೇ ಕಾಲಿಟ್ಟು, ಮಂಡಿಯೂರಿ ಕೂರಿ.

ಪ್ರಶ್ನೆ: 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸುವ ಟೊಳ್ಳು ಕೊಳವೆ) ಹಾಕಿ ತೆಗೆದರೆ ಒಂದು ಕೇಸರ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಂಜು. ಟ್ಯೂಬ್ ಕೆಟ್ಟಿದೆಯೇ?
– ಓದುಗರು, ಮಂಜೇಶ್ವರ

ಉತ್ತರ: ಮೊದಲು ಟ್ಯೂಬಿನ ಒಳಅಂಚು ನೋಡಿ. ಲೋಹದ ಚಿಕ್ಕ ಸಂಪರ್ಕ ಬಿಂದುಗಳಿಲ್ಲದ ಅಗ್ಗದ ಟ್ಯೂಬ್ ಆದರೆ ಕ್ಯಾಮೆರಾಕ್ಕೂ ಲೆನ್ಸಿಗೂ ಮಾತುಕತೆ ಇರುವುದಿಲ್ಲ. ಅಪರ್ಚರ್ (ಬೆಳಕು ಒಳಬರುವ ರಂಧ್ರ) ರಿಂಗ್ ಇಲ್ಲದ ಲೆನ್ಸುಗಳಲ್ಲಿ ಆಗ ಅಪರ್ಚರನ್ನು ಬೇಕಾದಂತೆ ಕಿರಿದಾಗಿಸಲು ಆಗುವುದಿಲ್ಲ.

ಟ್ಯೂಬ್ ಸರಿಯಿದ್ದರೆ ಲೆಕ್ಕ ಇಷ್ಟು. 25ನ್ನು 50ರಿಂದ ಭಾಗಿಸಿದರೆ ಅರ್ಧ. ಅಂದರೆ ಚಿತ್ರ ಮೂಡುವ ಸೆನ್ಸರಿನ ಮೇಲೆ ಹೂ ತನ್ನ ಅರ್ಧ ಗಾತ್ರದಲ್ಲಿ ಬೀಳುತ್ತದೆ. ಆ ವರ್ಧನೆಯಲ್ಲಿ ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿಗೆ ಎಫ್/8 ಅಪರ್ಚರಿನಲ್ಲಿ (ಅಂಕಿ ದೊಡ್ಡದಾದಷ್ಟೂ ರಂಧ್ರ ಕಿರಿದು) ಸ್ಪಷ್ಟವಾಗುವ ಆಳ ಸುಮಾರು 2 ಮಿ.ಮೀ. ಮಾತ್ರ. ಎಫ್/16ಕ್ಕೆ ಹೋದರೆ ಆಳ ಇಮ್ಮಡಿಯಾಗುತ್ತದೆ, ಆದರೆ ಬೆಳಕು ಕಿರಿದಾದ ರಂಧ್ರದಲ್ಲಿ ಚದುರಿ ಚಿತ್ರ ಪೂರ್ತಿ ಸ್ವಲ್ಪ ಮೆದುವಾಗುತ್ತದೆ. ಎಫ್/11ರಲ್ಲಿ ನಿಲ್ಲುವುದು ಒಳ್ಳೆಯದು. ಹೂವಿನ ಮುಖಕ್ಕೆ ಕ್ಯಾಮೆರಾದ ಬೆನ್ನು ಸಮಾನಾಂತರವಾಗಿರಲಿ. ಓರೆಯಾದಷ್ಟೂ ಆ 2 ಮಿ.ಮೀ. ವ್ಯರ್ಥ. ಫೋಕಸ್ ರಿಂಗ್ ತಿರುಗಿಸುತ್ತ ಕೂರುವ ಬದಲು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ನಾಲ್ಕೈದು ಚಿತ್ರ ಒಟ್ಟಿಗೆ ತೆಗೆಯಿರಿ. ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ. ಗಾಳಿಯೇಳುವ ಮುಂಚೆ, ಬೆಳಗ್ಗೆ 8ರೊಳಗೆ ಮುಗಿಸಿ. ಆದರೂ ದಂಟು ಆಡುತ್ತಿದ್ದರೆ ಪಕ್ಕದಲ್ಲಿ ಒಂದು ಕೋಲು ಊರಿ, ಬಟ್ಟೆ ಕ್ಲಿಪ್ಪಿನಿಂದ ಸಡಿಲವಾಗಿ ಆನಿಸಿ.

ಪ್ರಶ್ನೆ: ಕೇಪಳದ ಗೊಂಚಲು ಮೊಬೈಲಿನಲ್ಲಿ ಬರೀ ಕೆಂಪು ಮುದ್ದೆಯಾಗಿ ಬರುತ್ತದೆ. ಏಕೆ?
– ಓದುಗರು, ಬದಿಯಡ್ಕ

ಉತ್ತರ: ಸುತ್ತಲಿನ ಕಡುಹಸುರು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ. ಆಗ ಕೆಂಪು ಬಣ್ಣ ಮಾತ್ರ ಮಿತಿಮೀರಿ ಎಸಳಿನ ಗೆರೆ ಅಳಿಸಿಹೋಗುತ್ತದೆ. ಹೂವಿನ ಮೇಲೆ ಬೆರಳೊತ್ತಿ ಎಕ್ಸ್‌ಪೋಷರನ್ನು -0.7ರಿಂದ -1ರವರೆಗೆ ಇಳಿಸಿ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ಟ್ರೇಸಿಂಗ್ ಪೇಪರ್ ಅಡ್ಡ ಹಿಡಿಯಿರಿ. ನಾಲ್ಕು ಎಸಳೂ ಬೇರೆ ಬೇರೆಯಾಗಿ ಕಂಡರೆ ಬೆಳಕು ಸರಿಯಾಗಿದೆ.