ಬರ್ಮಾದ ಐರಾವತಿ ನದೀಮುಖಜ ಭೂಮಿ ಅಕ್ಕಿಯ ಕಣಜವಾದದ್ದು ಹೇಗೆ?

ಮಣ್ಣು ಫಲವತ್ತಾಗಿತ್ತು ಅನ್ನುವುದು ಅರ್ಧ ಉತ್ತರ ಅಷ್ಟೇ. 1852ರಲ್ಲಿ ಬ್ರಿಟಿಷರು ಕೆಳ ಬರ್ಮಾವನ್ನು ವಶಪಡಿಸಿಕೊಂಡಾಗ ಅಲ್ಲಿದ್ದದ್ದು ಬಹುಪಾಲು ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಜನ ವಿರಳ. ಏರಿ ಕಟ್ಟಿ ನೆರೆ ತಡೆದರು. ಮೇಲಿನ ಬರ್ಮಾದ ರೈತರು ಬಂದು ಕಾಡು ಕಡಿದು ಗದ್ದೆ ಮಾಡಿದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪೂ ಹತ್ತಿರವಾಯಿತು.

ಈ ರೈತರಿಗೆ ಸಾಲ ಕೊಟ್ಟವರು ಹೆಚ್ಚಾಗಿ ತಮಿಳುನಾಡಿನ ಚೆಟ್ಟಿಯಾರರು. ಅವರಿಗೆ ಬೇಕಿದ್ದದ್ದು ಬಡ್ಡಿ, ಜಮೀನಲ್ಲ. ಆದರೆ 1930ರ ಸುಮಾರಿಗೆ ಅಕ್ಕಿ ಬೆಲೆ ಕುಸಿದು, ಸಾಲ ತೀರಿಸಲಾಗದೆ ರೈತರು ಕೈಚೆಲ್ಲಿದರು. ದಶಕದ ಕೊನೆಗೆ ಮುಖ್ಯ ಭತ್ತದ ಜಿಲ್ಲೆಗಳ ಸುಮಾರು ಕಾಲು ಭಾಗ ಗದ್ದೆ ಚೆಟ್ಟಿಯಾರರ ಹೆಸರಿಗಿತ್ತು. ಬರ್ಮೀಯರ ಸಿಟ್ಟಿಗೆ ಇದೂ ಒಂದು ಕಾರಣ.

ಸಮುದ್ರದ ಅಲೆಗೆ ತಡೆಯಾಗಿದ್ದ ಕಾಂಡ್ಲಾ ಕಡಿದದ್ದರ ಫಲ 2008ರ ಮೇ ತಿಂಗಳಲ್ಲಿ ಕಂಡಿತು. ನರ್ಗಿಸ್ ಚಂಡಮಾರುತ ಸಮುದ್ರವನ್ನೇ ಒಳನುಗ್ಗಿಸಿದಾಗ 1.3 ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು.